ಬೆಲೆ ತೆರುವವರು ಯಾರು? : ಹರೆಯದವರ ದುಃಸ್ವಪ್ನ-ರಾಜ್ಯದ ಕಾದಂಬರಿಗಳು

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ಹದಿನಾಲ್ಕು ವರ್ಷದ ಮೊಮ್ಮಗಳ ಕೈಯಿಂದ ನಾನೊಂದು ಪುಸ್ತಕವನ್ನು ಕಸಿದುಕೊಂಡೆ. ಅದು ಅಮೆರಿಕದ ಲೇಖಕಿ ಸುಝೇನ್ ಕಾಲಿನ್ಸ್ ಅವರು 2008ರಲ್ಲಿ ಪ್ರಕಟಿಸಿದ 'ದಿ ಹಂಗರ್ ಗೇಮ್ಸ್' ಎಂಬ ಕಾದಂಬರಿ. ಹನ್ನೆರಡರಿಂದ ಹದಿನೆಂಟು ವರ್ಷದೊಳಗಿನ ಇಪ್ಪತ್ತನಾಲ್ಕು ಮಕ್ಕಳನ್ನು ಒಂದು ಅಖಾಡಕ್ಕೆ ಬಿಟ್ಟು, ಒಬ್ಬರೇ ಉಳಿಯುವ ತನಕ ಪರಸ್ಪರ ಕೊಲ್ಲಿಸಿ, ಅದನ್ನು ದೇಶಕ್ಕೆಲ್ಲ ದೂರದರ್ಶನದಲ್ಲಿ ತೋರಿಸುವ ಕಥೆಯಿದು ಎಂದು ಹಿಂಬದಿಯ ಹೊದಿಕೆಯಿಂದ ತಿಳಿದೊಡನೆ, ಇಂತಹದು ನಮ್ಮ ಮನೆಯಲ್ಲಿ ಇರತಕ್ಕದ್ದಲ್ಲವೆಂದು ತೀರ್ಮಾನಿಸಿದೆ. ಹುಡುಗಿ ಅಳಲಿಲ್ಲ, ವಾದಿಸಲೂ ಇಲ್ಲ. "ಅಜ್ಜಾ, ನೀವು ಓದದೆಯೇ ತೀರ್ಪು ಕೊಟ್ಟಿರಿ" ಎಂದಷ್ಟೇ ಹೇಳಿದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಪುಸ್ತಕವನ್ನು ತೆರೆದೆ. ಎರಡನೆಯ ದಿನ ಮುಗಿಸಿದೆ. ಆಮೇಲೆ ಅದರ ಮುಂದಿನ ಭಾಗಗಳನ್ನೂ, ಅದೇ ಜಾತಿಯ ಇತರ ಕೆಲವು ಕೃತಿಗಳನ್ನೂ ಅವಳಿಂದಲೇ ಎರವಲು ಪಡೆದು ಓದಿದೆ. ಈ ಬರಹ ಆ ಓದಿನ ಫಲ.

ಇಂತಹ ಆತುರದ ತೀರ್ಪು ಕೊಟ್ಟವನು ನಾನೊಬ್ಬನೇ ಅಲ್ಲವೆಂಬುದು ಸ್ವಲ್ಪ ಸಮಾಧಾನದ ಸಂಗತಿ. ಅಮೆರಿಕದಲ್ಲಿಯೇ ಹಿರಿಯರ ಆಕ್ಷೇಪಣೆಗೆ ಹೆಚ್ಚಾಗಿ ಗುರಿಯಾದ ಪುಸ್ತಕಗಳ ಪಟ್ಟಿಯೊಂದನ್ನು ಅಲ್ಲಿನ ಗ್ರಂಥಾಲಯ ಸಂಘವು ವರ್ಷವರ್ಷವೂ ಪ್ರಕಟಿಸುತ್ತದೆ. 2010 ಮತ್ತು 2011ರ ಪಟ್ಟಿಗಳ ಮೊದಲ ಹತ್ತರಲ್ಲಿ ಈ ಕೃತಿಯ ಹೆಸರಿತ್ತು. ಆದರೂ ಅಲ್ಲಿನ ಮಕ್ಕಳು ಓದುವುದನ್ನು ಬಿಡಲಿಲ್ಲ, ನಮ್ಮ ಮಕ್ಕಳೂ ಬಿಟ್ಟಿಲ್ಲ. ಹಿರಿಯರಿಗೆ ಭಯಾನಕವೆಂದು ತೋರುವ ಈ ಕಥೆಗಳು ಹರೆಯದವರನ್ನು ಇಷ್ಟೊಂದು ಹಿಡಿದಿಡುವುದೇಕೆ? ಆ ಹಿಡಿತದಲ್ಲಿ ಒಳಿತೆಷ್ಟು, ಕೆಡುಕೆಷ್ಟು? ಇವೆರಡೇ ಇಲ್ಲಿನ ಪ್ರಶ್ನೆಗಳು.

ಮೊದಲು ಈ ಪ್ರಕಾರದ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳುವುದು ಉಚಿತ. ಇಂಗ್ಲೆಂಡಿನ ತಾಮಸ್ ಮೋರ್ 1516ರಲ್ಲಿ ತನ್ನ ಆದರ್ಶ ರಾಜ್ಯದ ಕಲ್ಪನೆಗೆ 'ಯುಟೋಪಿಯಾ' ಎಂದು ಹೆಸರಿಟ್ಟನು. ಅದಕ್ಕೆ ವಿರುದ್ಧವಾದ, ಸುವ್ಯವಸ್ಥೆಯ ಹೆಸರಿನಲ್ಲಿ ಮನುಷ್ಯತ್ವವನ್ನೇ ಹಿಸುಕುವ ರಾಜ್ಯದ ಕಲ್ಪನೆಗೆ 'ಡಿಸ್ಟೋಪಿಯಾ' ಎಂಬ ಹೆಸರು ಬಂದಿತು. ದುಃಸ್ವಪ್ನ-ರಾಜ್ಯವೆಂದು ಅದನ್ನು ಕರೆಯೋಣ. ಆಲ್ಡಸ್ ಹಕ್ಸ್ಲಿಯ 1932ರ 'ಬ್ರೇವ್ ನ್ಯೂ ವರ್ಲ್ಡ್', ಜಾರ್ಜ್ ಆರ್ವೆಲ್‌ನ 1949ರ '1984' ಈ ಪರಂಪರೆಯ ಹೆಸರಾಂತ ಕೃತಿಗಳು. ಆದರೆ ಅವು ಪ್ರೌಢರಿಗಾಗಿ ಬರೆದವು. ಆರ್ವೆಲ್‌ನ ನಾಯಕ ಮೂವತ್ತೊಂಬತ್ತರ ನಡುವಯಸ್ಕ. ಹಿಂದೊಮ್ಮೆ ಬೇರೊಂದು ಜೀವನವಿತ್ತೆಂಬ ಮಸುಕು ನೆನಪು ಅವನಿಗಿದೆ. ಕಥೆ ಅವನ ಸಂಪೂರ್ಣ ಸೋಲಿನಲ್ಲಿ ಮುಗಿಯುತ್ತದೆ. ಹರೆಯದವರ ಕಾದಂಬರಿಯಲ್ಲಿ ನಾಯಕನೋ ನಾಯಿಕೆಯೋ ಆ ರಾಜ್ಯದಲ್ಲಿಯೇ ಹುಟ್ಟಿದ ಮಗು. ಅದಕ್ಕೆ ಬೇರೇನೂ ಗೊತ್ತಿಲ್ಲ. ಇರುವುದೇ ಸಹಜವೆಂದು ನಂಬಿ ಬೆಳೆದಿದೆ. ಆ ಸಹಜತೆ ಒಂದು ದಿನ ಬಿರುಕು ಬಿಡುತ್ತದೆ. ಪಾತ್ರವೂ ಓದುಗನೂ ಒಟ್ಟಿಗೇ ಆ ಬಿರುಕಿನೊಳಗೆ ಇಣುಕುತ್ತಾರೆ.

ಲೋಯಿಸ್ ಲೌರಿ ಅವರ 'ದಿ ಗಿವರ್' ಇದಕ್ಕೆ ಉತ್ತಮ ನಿದರ್ಶನ. 1993ರಲ್ಲಿ ಹೊರಬಂದ ಈ ಸಣ್ಣ ಕಾದಂಬರಿಗೆ ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ಶ್ರೇಷ್ಠ ಪುರಸ್ಕಾರವಾದ ನ್ಯೂಬೆರಿ ಪದಕ ದೊರೆಯಿತು. ಇದರಲ್ಲಿ ಚಿತ್ರಿತವಾದ ಊರನ್ನು ಮೊದಲ ನೋಟಕ್ಕೆ ಯಾರಾದರೂ ಮೆಚ್ಚುವರು. ಅಲ್ಲಿ ಹಸಿವಿಲ್ಲ, ಜಗಳವಿಲ್ಲ, ಸುಳ್ಳಿಲ್ಲ. ಪ್ರತಿ ಸಂಜೆ ಮನೆಯವರೆಲ್ಲ ಕುಳಿತು ದಿನದ ಭಾವನೆಗಳನ್ನು ಹೇಳಿಕೊಳ್ಳುತ್ತಾರೆ. ಹನ್ನೆರಡು ತುಂಬಿದ ಮಕ್ಕಳಿಗೆ ಹಿರಿಯರ ಮಂಡಳಿಯೇ ಯೋಗ್ಯವಾದ ವೃತ್ತಿಯನ್ನು ಗೊತ್ತುಮಾಡುತ್ತದೆ. ಯೋನಸ್ ಎಂಬ ಬಾಲಕನಿಗೆ ಬಂದುದು ವಿಚಿತ್ರವಾದ ಹೊಣೆ. ಊರಿನವರೆಲ್ಲರೂ ಬಿಟ್ಟುಕೊಟ್ಟ ಹಿಂದಿನ ಕಾಲದ ನೆನಪುಗಳನ್ನು, ಯುದ್ಧ ಹಸಿವು ನೋವುಗಳೊಡನೆ ಬಣ್ಣ ಸಂಗೀತ ಪ್ರೀತಿಗಳನ್ನೂ, ಒಬ್ಬನೇ ಹೊತ್ತಿರಬೇಕು. ಉಳಿದವರ ನೆಮ್ಮದಿಗಾಗಿ ಒಬ್ಬನ ಸಂಕಟ.

ಈ ಕೃತಿಯಲ್ಲೊಂದು ತಕ್ಕಡಿಯ ಪ್ರಸಂಗವಿದೆ. ನಲವತ್ತು ವರ್ಷ ತಕ್ಕಡಿಯ ಮುಂದೆ ಕುಳಿತ ನನಗೆ ಅದು ಬಹುಕಾಲ ಮರೆಯುವಂತಹುದಲ್ಲ. ಯೋನಸ್‌ನ ತಂದೆ ಶಿಶುಪಾಲನೆಯ ಕೆಲಸದವನು, ಮೃದು ಸ್ವಭಾವದವನು. ಒಂದೇ ರೂಪದ ಅವಳಿ ಮಕ್ಕಳು ಇಬ್ಬರಿರುವುದು ಆ ಊರಿನ ನಿಯಮಕ್ಕೆ ಒಗ್ಗದು. ಆದುದರಿಂದ ತಂದೆ ಇಬ್ಬರನ್ನೂ ತೂಗುತ್ತಾನೆ. ಕೆಲವೇ ಔನ್ಸು ಕಡಿಮೆ ಬಂದ ಶಿಶುವಿಗೆ ಮುದ್ದಿನ ಮಾತಾಡುತ್ತಲೇ ಸೂಜಿಮದ್ದು ಚುಚ್ಚಿ ಕೊಲ್ಲುತ್ತಾನೆ. ಅದಕ್ಕೆ ಆ ಊರಿನ ಭಾಷೆಯಲ್ಲಿ 'ಬಿಡುಗಡೆ' ಎಂದು ಹೆಸರು. ಮಗನು ಇದನ್ನು ಚಿತ್ರಮುದ್ರಿಕೆಯಲ್ಲಿ ನೋಡುತ್ತಾನೆ. ಇಲ್ಲಿ ಕ್ರೂರಿಗಳು ಯಾರೂ ಇಲ್ಲ. ತಂದೆ ದುಷ್ಟನಲ್ಲ, ತಾನು ಮಾಡುತ್ತಿರುವುದೇನೆಂದು ಅನುಭವಿಸುವ ಶಕ್ತಿಯನ್ನೇ ಕಳೆದುಕೊಂಡವನು. ಆ ತಕ್ಕಡಿಯ ಮೇಲೆ ತೂಗಿದ್ದು ಮಗುವನ್ನಾದರೂ ತೂಕ ಕಂಡದ್ದು ಊರಿನ ನೆಮ್ಮದಿಯದು.

ಈ ಕಥೆಗಳ ಹಿಡಿತದ ಮೂಲವನ್ನು ನಾನು ಕಂಡದ್ದು ಇಲ್ಲಿಯೇ. ಸಾಮಾನ್ಯವಾಗಿ ವಿಮರ್ಶಕರು ವೇಗದ ಕಥನ, ಅಪಾಯ, ಪ್ರೇಮ, ಅಧಿಕಾರದ ವಿರುದ್ಧ ಬಂಡಾಯ ಎಂದು ಕಾರಣಗಳನ್ನು ಪಟ್ಟಿ ಮಾಡುತ್ತಾರೆ. ಅವೆಲ್ಲ ಇವೆ, ಆದರೆ ಅವು ಯಾವ ಸಾಹಸಕಥೆಯಲ್ಲಿಯೂ ಸಿಗುತ್ತವೆ. ದುಃಸ್ವಪ್ನ-ರಾಜ್ಯದ ಕಥೆಗೆ ವಿಶಿಷ್ಟವಾದುದು ಒಂದು ಪ್ರಶ್ನೆ: ಈ ಸುಖದ ಬೆಲೆಯನ್ನು ತೆರುತ್ತಿರುವವರು ಯಾರು? ಮಗುವಾಗಿದ್ದಾಗ ತಟ್ಟೆಗೆ ಅನ್ನ ತಾನಾಗಿ ಬರುತ್ತದೆ. ಹದಿಮೂರು ಹದಿನಾಲ್ಕರಲ್ಲಿ ಅದು ಎಲ್ಲಿಂದ ಬಂತು, ಯಾರ ಬೆನ್ನಿನ ಮೇಲೆ ಬಂತು ಎಂಬ ಸಂಶಯ ಹುಟ್ಟುತ್ತದೆ. ಮನೆಯವರನ್ನೂ ಮೇಷ್ಟರನ್ನೂ ಕೇಳಿದರೆ ಬಹುಮಟ್ಟಿಗೆ ಸರಿಯಾದ ಉತ್ತರ ಸಿಗುವುದಿಲ್ಲ. ಈ ಕಾದಂಬರಿಗಳು ಆ ಸಂಶಯವನ್ನು ಗೌರವದಿಂದ ಎತ್ತಿಕೊಂಡು, ಕೊನೆಯ ಅಂಕಿಯವರೆಗೆ ಲೆಕ್ಕ ಒಪ್ಪಿಸುತ್ತವೆ.

ಲೆಕ್ಕವೆಂಬುದು ಇಲ್ಲಿ ಬರಿಯ ಅಲಂಕಾರದ ಮಾತಲ್ಲ. 'ದಿ ಹಂಗರ್ ಗೇಮ್ಸ್' ಕಾದಂಬರಿಯ ಪಾನೆಮ್ ದೇಶದಲ್ಲಿ ಒಂದು ಭೋಗದ ರಾಜಧಾನಿಯೂ ಅದಕ್ಕಾಗಿ ದುಡಿಯುವ ಹನ್ನೆರಡು ಜಿಲ್ಲೆಗಳೂ ಇವೆ. ಹಿಂದೆ ದಂಗೆಯೆದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ ಚೀಟಿಯೆತ್ತಿ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಆ ಕೊಲೆಯಾಟಕ್ಕೆ ಒಪ್ಪಿಸಬೇಕು. ಅಥೆನ್ಸಿನಿಂದ ಕ್ರೀಟಿನ ರಾಕ್ಷಸನಿಗೆ ಯುವಕ ಯುವತಿಯರನ್ನು ಕಳುಹಿಸುತ್ತಿದ್ದ ಗ್ರೀಕ್ ಪುರಾಣವೇ ತಮಗೆ ಬೀಜವೆಂದು ಲೇಖಕಿ ಹೇಳಿದ್ದಾರೆ. ನಮ್ಮ ಓದುಗರಿಗೆ ಬಕಾಸುರನ ಸರದಿ ನೆನಪಾಗುತ್ತದೆ. ಆದರೆ ಪುರಾಣದಲ್ಲಿಲ್ಲದ ಒಂದು ವ್ಯವಸ್ಥೆಯನ್ನು ಲೇಖಕಿ ಸೇರಿಸಿದ್ದಾರೆ. ಹನ್ನೆರಡನೆಯ ವಯಸ್ಸಿಗೆ ಪ್ರತಿ ಮಗುವಿನ ಹೆಸರಿನ ಒಂದು ಚೀಟಿ, ಹದಿಮೂರಕ್ಕೆ ಎರಡು, ಹೀಗೆ ಹದಿನೆಂಟಕ್ಕೆ ಏಳು ಚೀಟಿಗಳು ಬೀಳುತ್ತವೆ. ಬಡ ಮಗುವೊಂದು ಮನೆಯ ಒಬ್ಬ ವ್ಯಕ್ತಿಗೆ ವರ್ಷಕ್ಕಾಗುವ ಅಷ್ಟಿಷ್ಟು ಧಾನ್ಯ, ಎಣ್ಣೆಗಳನ್ನು ಸರಕಾರದಿಂದ ಪಡೆಯಬಹುದು. ಅದಕ್ಕೆ ಪ್ರತಿಯಾಗಿ ಅದರ ಹೆಸರಿನ ಇನ್ನೊಂದು ಚೀಟಿ ಸೇರುತ್ತದೆ. ಒಮ್ಮೆ ಸೇರಿದ ಚೀಟಿ ಮರುವರ್ಷ ಹೋಗುವುದಿಲ್ಲ.

ಕಥಾನಾಯಿಕೆ ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿಗೆ ಎಂದು ವರ್ಷಕ್ಕೆ ಮೂರು ಪಾಲು ಪಡೆದವಳು. ಹದಿನಾರರ ವಯಸ್ಸಿಗೆ ಐದು ವರ್ಷಗಳಲ್ಲಿ ಹದಿನೈದು, ವಯಸ್ಸಿನ ಲೆಕ್ಕದಲ್ಲಿ ಐದು, ಒಟ್ಟು ಇಪ್ಪತ್ತು ಚೀಟಿಗಳು. ಅವಳ ಗೆಳೆಯ ಗೇಲ್‌ನದು ಐದು ಜನರ ಕುಟುಂಬ. ಹದಿನೆಂಟಕ್ಕೆ ಅವನ ಹೆಸರಿನಲ್ಲಿ ಮೂವತ್ತೈದೂ ಏಳೂ ಕೂಡಿ ನಲವತ್ತೆರಡು. ಅಂಗಡಿಕಾರರ ಮಕ್ಕಳು ಈ ಧಾನ್ಯವನ್ನು ಪಡೆಯಬೇಕಾದ ಅಗತ್ಯವಿಲ್ಲ, ಅವರ ಚೀಟಿಗಳು ಬೆರಳೆಣಿಕೆಯವು. ಅದೃಷ್ಟವೆಂದು ಎಲ್ಲರೆದುರು ಎತ್ತುವ ಚೀಟಿಯೊಳಗೆ ಬಡತನದ ಚಕ್ರಬಡ್ಡಿ ಕುಳಿತಿದೆ. ಯಾವ ಭಾಷಣವೂ ಇಲ್ಲದೆ ಒಂದು ಗುಣಾಕಾರದಿಂದ ಅನ್ಯಾಯವನ್ನು ತೋರಿಸಿದ ಈ ಕೌಶಲವನ್ನು ನಾನು ಮನಸಾರೆ ಮೆಚ್ಚಿದೆ. ವಾಣಿಜ್ಯ ಪದವೀಧರನಾದ ನಾನು ತಾಳೆ ನೋಡುವ ಮೊದಲೇ ನನ್ನ ಮೊಮ್ಮಗಳು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಈ ಲೆಕ್ಕವನ್ನು ಮಾಡಿಟ್ಟಿದ್ದಳು, ಲೆಕ್ಕ ಸರಿಯಾಗಿತ್ತು.

ಪುಸ್ತಕವನ್ನು ಹಿಂದಿರುಗಿಸುವಾಗ ಅವಳು ಒಂದು ಪ್ರಶ್ನೆ ಕೇಳಿದಳು. "ಅಜ್ಜಾ, ನಮ್ಮ ಅಂಗಡಿಯಲ್ಲಿಯೂ ಹೀಗೆ ಧಾನ್ಯ ಕೊಡುತ್ತಿದ್ದರೇ?" ಇಲ್ಲವೆಂದು ಹೇಳಿಬಿಡಬಹುದಾಗಿತ್ತು. ಆದರೆ ನನ್ನ ತಂದೆಯವರ ಕಾಲದ ಕಿರ್ದಿ ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ. ಮುಂಗಾರಿನಲ್ಲಿ ಕೊಟ್ಟ ಒಂದು ಚೀಲ ಜೋಳಕ್ಕೆ ಸುಗ್ಗಿಯಲ್ಲಿ ಒಂದೂವರೆ ಚೀಲ ಜಮಾ ಆದ ನಮೂದುಗಳು ಅವುಗಳಲ್ಲಿವೆ. ತೀರಿಸಲಾಗದೆ ಮುಂದಿನ ವರ್ಷಕ್ಕೆ ಸಾಗಿದ ಬಾಕಿಗಳಿವೆ. ನಾನು ಅಂಗಡಿಗೆ ಕುಳಿತ ಮೊದಲ ವರ್ಷಗಳಲ್ಲಿ ನನ್ನ ಕೈಬರಹದ ಪುಟಗಳೂ ಇವೆ. ನಾವು ಅದನ್ನು ಉಪಕಾರವೆಂದೇ ಕರೆಯುತ್ತಿದ್ದೆವು. ಕೊಡದಿದ್ದರೆ ಅವರು ಹಸಿದಿರುತ್ತಿದ್ದರು ಎಂಬುದು ನಿಜವೂ ಆಗಿತ್ತು. 'ಬಿಡುಗಡೆ' ಎಂಬ ಪದವನ್ನು ಓದಿ ಬೆಚ್ಚಿದ್ದ ನಾನು 'ಉಪಕಾರ' ಎಂಬ ಪದವನ್ನು ಅಲ್ಲಿಯವರೆಗೆ ಒಮ್ಮೆಯೂ ಪರೀಕ್ಷಿಸಿ ನೋಡಿರಲಿಲ್ಲ. ಅವಳಿಗೆ ಇದ್ದುದನ್ನು ಇದ್ದಂತೆ ಹೇಳಿದೆ.

ಇಷ್ಟರಿಂದ ಈ ಸಾಹಿತ್ಯವೆಲ್ಲ ನಿರ್ದೋಷವೆಂದು ನಾನು ಹೇಳುತ್ತಿಲ್ಲ. ನನ್ನ ಮೊದಲ ಆಕ್ಷೇಪಣೆ ಬೇರೊಂದು ರೂಪದಲ್ಲಿ ಇನ್ನೂ ಉಳಿದಿದೆ. ಕಾಲಿನ್ಸ್ ಕಾದಂಬರಿ ಬರೆಯುವ ಮೊದಲು ಮಕ್ಕಳ ದೂರದರ್ಶನ ಕಾರ್ಯಕ್ರಮಗಳಿಗೆ ಬರೆಯುತ್ತಿದ್ದವರು. ಒಂದು ರಾತ್ರಿ ವಾಹಿನಿಗಳನ್ನು ಬದಲಿಸುತ್ತಿದ್ದಾಗ ಸ್ಪರ್ಧೆಯ ಕಾರ್ಯಕ್ರಮವೂ ಇರಾಕ್ ಯುದ್ಧದ ದೃಶ್ಯಗಳೂ ಒಂದರೊಳಗೊಂದು ಬೆರೆತಂತಾಗಿ ಈ ಕಥೆ ಹೊಳೆಯಿತೆಂದು ಅವರೇ ಹೇಳಿದ್ದಾರೆ. ಆ ಮಾಧ್ಯಮದ ತಂತ್ರ ಅವರಿಗೆ ಕರಗತ. ಇಡೀ ಕಥೆ ವರ್ತಮಾನಕಾಲದಲ್ಲಿ, ನಾಯಿಕೆಯ ಬಾಯಿಯಿಂದಲೇ ಬರುತ್ತದೆ. ಅಧ್ಯಾಯಗಳು ಉಸಿರು ಕಟ್ಟುವ ತಿರುವಿನಲ್ಲಿ ನಿಲ್ಲುತ್ತವೆ. ಮಧ್ಯರಾತ್ರಿ ಕಳೆದ ಮೇಲೂ ಪುಟ ತಿರುಗಿಸುತ್ತಿದ್ದ ನಾನು, ಮುಂದೆ ಸಾಯುವವರು ಯಾರು ಎಂಬ ಕುತೂಹಲದಿಂದಲೇ ಹಾಗೆ ಮಾಡುತ್ತಿದ್ದೇನೆ ಎಂಬುದನ್ನು ಒಮ್ಮೆಲೇ ಅರಿತು ಪುಸ್ತಕವನ್ನು ಕೆಳಗಿಟ್ಟೆ. ರಾಜಧಾನಿಯ ಪ್ರೇಕ್ಷಕರಿಗೂ ನನಗೂ ಆ ಕ್ಷಣದಲ್ಲಿ ಭೇದವಿರಲಿಲ್ಲ. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪಿ ನಲಿಯುವುದು. ಈ ಮೂರನೆಯದರ ಕಟಕಟೆಯಲ್ಲಿ ಓದುಗನನ್ನು ನಿಲ್ಲಿಸುವ ಪುಸ್ತಕವಿದು.

ಈ ಸಂದರ್ಭದಲ್ಲಿ ಜನ್ನ ಕವಿಯ 'ಯಶೋಧರ ಚರಿತೆ'ಯನ್ನು ನೆನೆಯದಿರಲು ಸಾಧ್ಯವಿಲ್ಲ. 1209ರ ಆ ಕಾವ್ಯದಲ್ಲಿಯೂ ಒಬ್ಬ ಹುಡುಗ ಒಬ್ಬ ಹುಡುಗಿ, ಅಭಯರುಚಿ ಅಭಯಮತಿಯರೆಂಬ ಒಡಹುಟ್ಟಿದವರು, ಮಾರಿಯ ಬಲಿಗಾಗಿ ಹಿಡಿದು ತರಲ್ಪಡುತ್ತಾರೆ. ನೆರೆದ ಜನ, ಕತ್ತಿ ಹಿರಿದ ದೊರೆ, ನಡುವೆ ಎರಡು ಎಳೆಯ ಜೀವಗಳು, ದೃಶ್ಯ ಅದೇ. ಆದರೆ ಜನ್ನನಲ್ಲಿ ಮಕ್ಕಳು ಕಥೆ ಹೇಳತೊಡಗಿದೊಡನೆ ಬಲಿ ನಿಲ್ಲುತ್ತದೆ. ಕಥೆಯೇ ದೊರೆಯ ಕತ್ತಿಯನ್ನು ಇಳಿಸುತ್ತದೆ. ಆ ಕಥೆಯೊಳಗೆ ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಯೊಂದೇ ತಾಯಿಮಗನನ್ನು ಭವಭವಗಳಲ್ಲಿ ತೊಳಲಿಸುತ್ತದೆ. ಕಾಲಿನ್ಸ್ ಅವರಲ್ಲಿ ಕಥೆ ಮುಂದುವರಿಯಲು ಬಲಿಯೂ ಮುಂದುವರಿಯಬೇಕು. ಕಾಗದದ ಮೇಲಿನ ಸಾವುಗಳನ್ನು ಕಾಣಲು ಕಾತರಿಸುವ ಓದುಗನು ಹಿಟ್ಟಿನ ಕೋಳಿಯನ್ನು ಕಡಿದವನಿಗಿಂತ ಎಷ್ಟು ದೂರದವನು? ಈ ಕೃತಿ 2012ರಲ್ಲಿ ಚಲನಚಿತ್ರವಾಗಿ ಬಂದು ಅಪಾರ ಹಣ ಗಳಿಸಿತು. ಪ್ರದರ್ಶನದ ಹಿಂಸೆಯನ್ನು ಖಂಡಿಸಿದ ಕಥೆಯೇ ದೊಡ್ಡ ಪ್ರದರ್ಶನವಾದುದನ್ನು ಮೆಚ್ಚುವವರೂ ಮರೆಯಬಾರದು.

ಲೇಖಕಿಗೆ ಈ ತೊಡಕಿನ ಅರಿವಿಲ್ಲವೆಂದು ಹೇಳುವುದು ಮಾತ್ರ ಅನ್ಯಾಯ. ರೂ ಎಂಬ ಹನ್ನೆರಡರ ಬಾಲೆ ಅಖಾಡದಲ್ಲಿ ಸತ್ತಾಗ ಕಥೆಯ ಓಟ ನಿಲ್ಲುತ್ತದೆ. ಕ್ಯಾಟ್ನಿಸ್ ಓಡಿಹೋಗುವ ಬದಲು ಕಾಡುಹೂಗಳನ್ನು ತಂದು ಶವವನ್ನು ಸಿಂಗರಿಸುತ್ತಾಳೆ. ಯಂತ್ರದ ಕಣ್ಣಿಗೆ ಅದು ಒಂದು ಅಂಕದ ಇಳಿತ. ಅವಳು ಅದನ್ನು ಒಂದು ಮಗುವಿನ ಸಾವಾಗಿ ಮಾಡುತ್ತಾಳೆ. ರೂವಿನ ಬಡ ಜಿಲ್ಲೆಯವರು ತಮ್ಮ ಪಾಲಿನಿಂದ ಪರಜಿಲ್ಲೆಯ ಈ ಹುಡುಗಿಗೆ ಒಂದು ರೊಟ್ಟಿಯನ್ನು ಕಳುಹಿಸುತ್ತಾರೆ. ಪುಟ ತಿರುಗಿಸುವ ಆತುರವನ್ನು ಕಥೆಯೇ ನಾಚಿಸುವ ಇಂತಹ ಎಡೆಗಳಲ್ಲಿ ಕೃತಿ ತನ್ನ ಋಣವನ್ನು ತಕ್ಕಮಟ್ಟಿಗೆ ತೀರಿಸುತ್ತದೆ.

ಹೀಗೆ ತೀರಿಸದ ಕೃತಿಗಳೂ ಇವೆ. ವೆರೋನಿಕಾ ರಾತ್ ಅವರು ತಮ್ಮ ಇಪ್ಪತ್ತೆರಡರ ಹರೆಯದಲ್ಲಿ, 2011ರಲ್ಲಿ ಪ್ರಕಟಿಸಿದ 'ಡೈವರ್ಜೆಂಟ್' ಕಾದಂಬರಿಯ ಕಲ್ಪನೆ ನೀತಿವಿಚಾರದಲ್ಲಿ ಆಸಕ್ತಿಯುಳ್ಳವರನ್ನು ಒಡನೆಯೇ ಸೆಳೆಯುತ್ತದೆ. ಅಲ್ಲಿ ಶಿಕಾಗೋ ನಗರ ಐದು ಪಂಗಡಗಳಾಗಿ ಹಂಚಿಹೋಗಿದೆ: ತ್ಯಾಗ, ಸೌಹಾರ್ದ, ಸತ್ಯ, ಧೈರ್ಯ, ಜ್ಞಾನ. ಹದಿನಾರಕ್ಕೆ ಒಂದು ಪರೀಕ್ಷೆ. ಅನಂತರ ಒಂದು ಪಂಗಡವನ್ನು ಆಯ್ದು ಅಲ್ಲಿಯೇ ಬಾಳಬೇಕು. ಒಂದು ಗುಣವನ್ನು ಇತರ ಗುಣಗಳಿಂದ ಕಿತ್ತು ಒಂಟಿಯಾಗಿ ಬೆಳೆಸಿದರೆ ಅದು ಅವಗುಣವಾಗುತ್ತದೆ ಎಂಬ ಆಳವಾದ ತತ್ತ್ವವೊಂದು ಇಲ್ಲಿ ಕೈಯಳತೆಯಲ್ಲಿತ್ತು. ಹತ್ತನೆಯ ತರಗತಿಯ ಫಲಿತಾಂಶದ ದಿನವೇ ಬಾಳಿನ ದಾರಿಯನ್ನು ಆಯಬೇಕಾದ ನಮ್ಮ ಮಕ್ಕಳಿಗೂ ಆ ಭಯ ಹೊಸತಲ್ಲ. ಆದರೆ ಲೇಖಕಿ ಲೆಕ್ಕವನ್ನು ಅರ್ಧಕ್ಕೆ ಕೈಬಿಡುತ್ತಾರೆ. ಯಾವ ಪಂಗಡಕ್ಕೂ ಸೇರದೆ ಪಾಳುಬಿದ್ದ ಬೀದಿಗಳಲ್ಲಿ ಕೀಳು ಕೆಲಸಗಳನ್ನು ಮಾಡಿಕೊಂಡಿರುವ ಜನ ಆ ನಗರದ ಬೆಲೆಯನ್ನು ತೆರುತ್ತಿದ್ದಾರೆ. ಮೊದಲ ಕಾದಂಬರಿ ಅವರನ್ನು ಹಾದಿಬದಿಯ ದೃಶ್ಯವಾಗಿ ದಾಟಿಹೋಗುತ್ತದೆ. ನಾಯಿಕೆ ಹುಟ್ಟಿನಿಂದಲೇ ವಿಶೇಷಳು, ಯಾವ ಚೌಕಟ್ಟಿಗೂ ನಿಲುಕದವಳು ಎಂಬುದೇ ಕಥೆಯ ಬಂಡವಾಳವಾಗುತ್ತದೆ. 2013ರ ಮೂರನೆಯ ಭಾಗದಲ್ಲಿ ಇದಕ್ಕೆ ವಂಶವಾಹಿಗಳ ಪ್ರಯೋಗವೆಂಬ ಕಾರಣವನ್ನೂ ಕೊಡಲಾಗಿದೆ.

ಎರಡು ಬಗೆಯ ಹಿಡಿತಗಳ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ಒಂದು ಬಗೆಯ ಕಥೆ ಎಳೆಯ ಓದುಗನಿಗೆ, ನೀನು ಇತರರಂತಲ್ಲ, ನಿನ್ನ ಹಿರಿಮೆಯನ್ನು ಲೋಕ ಅರಿತಿಲ್ಲ ಎಂದು ಕಿವಿಯಲ್ಲಿ ಉಸುರುತ್ತದೆ. ಇದು ಹೊಗಳಿಕೆ, ಹರೆಯದಲ್ಲಿ ಯಾರಿಗೆ ತಾನೇ ರುಚಿಸದು? ಇನ್ನೊಂದು ಬಗೆಯ ಕಥೆ, ನೀನು ಇತರರಂತೆಯೇ ಇರುವೆ, ನಿನ್ನ ಸುಖಕ್ಕೂ ಯಾರೋ ಬೆಲೆ ತೆತ್ತಿದ್ದಾರೆ, ಈಗ ಏನು ಮಾಡುವೆ ಎಂದು ಕೇಳುತ್ತದೆ. ಯೋನಸ್ ಉಳಿದ ಮಕ್ಕಳಿಗಿಂತ ಸ್ವಲ್ಪ ಬೇರೆ ಕಣ್ಣುಳ್ಳವನಾದರೂ ಅವನಿಗೆ ಸಿಗುವುದು ಪಟ್ಟಾಭಿಷೇಕವಲ್ಲ. ಕೊಲ್ಲಲು ಗೊತ್ತುಮಾಡಿದ ಶಿಶುವೊಂದನ್ನು ಎತ್ತಿಕೊಂಡು ಚಳಿಯಲ್ಲಿ ಸಾಗುವ ದಾರಿ. ಮಕ್ಕಳು ಎರಡನ್ನೂ ಒಂದೇ ಉಸಿರಿನಲ್ಲಿ ಓದುತ್ತಾರೆ. ಭೇದವನ್ನು ಕಾಣಿಸುವುದು ವಿಮರ್ಶೆಯ ಕೆಲಸ, ಹಿರಿಯರ ಕೆಲಸವೂ ಹೌದು.

ಕಾಲಿನ್ಸ್ ಅವರ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆ 2010ರ ಮೂರನೆಯ ಭಾಗವಾದ 'ಮಾಕಿಂಗ್‌ಜೇ'. ದಂಗೆ ಗೆಲ್ಲುತ್ತದೆ. ಆದರೆ ಗೆಲುವಿನ ಬಾಗಿಲಲ್ಲಿ, ರಾಜಧಾನಿಯ ಮಕ್ಕಳ ಮೇಲೆ ಬಿದ್ದ ಬಾಂಬುಗಳಿಗೆ ಶುಶ್ರೂಷೆಗೆಂದು ಓಡಿಬಂದ ಕ್ಯಾಟ್ನಿಸ್‌ಳ ತಂಗಿಯೂ ಬಲಿಯಾಗುತ್ತಾಳೆ. ಆ ಬಾಂಬುಗಳು ತಮ್ಮ ಕಡೆಯವರದೇ ಎಂಬ ಸಂಶಯ ಬಲವಾಗಿದೆ. ಯಾವ ತಂಗಿಯನ್ನು ಉಳಿಸಲು ಅಕ್ಕ ಅಖಾಡಕ್ಕೆ ಇಳಿದಿದ್ದಳೋ ಅವಳೇ ಇಲ್ಲವಾದಳು. ದಂಗೆಯ ನಾಯಕಿ ಕಾಯಿನ್, ಸೋತ ರಾಜಧಾನಿಯವರ ಮಕ್ಕಳನ್ನು ಇಟ್ಟು ಕೊನೆಯದೊಂದು ಆಟವನ್ನು ಆಡಿಸೋಣವೆಂದು ಮತಕ್ಕೆ ಹಾಕುತ್ತಾಳೆ. ಕ್ಯಾಟ್ನಿಸ್ ಒಪ್ಪಿಗೆಯ ಮತ ನೀಡುತ್ತಾಳೆ. ಅವಳು ನಿಜವಾಗಿ ಒಪ್ಪಿದಳೋ, ಕಾಯಿನ್‌ಳ ನಂಬಿಕೆ ಗಳಿಸಲು ಹಾಗೆ ಹೇಳಿದಳೋ ಎಂಬುದನ್ನು ಲೇಖಕಿ ಬಿಡಿಸಿ ಹೇಳುವುದಿಲ್ಲ. ಹಳೆಯ ಅಧ್ಯಕ್ಷನನ್ನು ಕೊಲ್ಲಲೆಂದು ಕೊಟ್ಟ ಬಾಣವನ್ನು ಅವಳು ಕಾಯಿನ್‌ಳತ್ತ ಬಿಡುತ್ತಾಳೆ. ಬೆಲೆ ತೆತ್ತವರೇ ನಾಳೆ ಬೆಲೆ ವಸೂಲು ಮಾಡುವವರಾಗಬಲ್ಲರು ಎಂಬುದನ್ನು ಹದಿಹರೆಯದವರಿಂದ ಮುಚ್ಚಿಡದೆ ಹೇಳಿದ ಈ ಭಾಗವನ್ನು ಅನೇಕ ಎಳೆಯ ಓದುಗರು ಇಷ್ಟಪಡುವುದಿಲ್ಲ; ನನ್ನ ಮೊಮ್ಮಗಳೂ ಇಷ್ಟಪಡಲಿಲ್ಲ. ಬಾಣವೂ ಒಂದು ಕೊಲೆಯೇ ಅಲ್ಲವೇ ಎಂದು ಅವಳು ಕೇಳಿದಳು. ಹೌದು, ಕೊಲೆಯೇ. ಅದನ್ನು ಕಾದಂಬರಿಯೂ ಪುಣ್ಯವೆಂದು ಬರೆದುಕೊಂಡಿಲ್ಲ. ಉಳಿದ ಬಾಳಿನಲ್ಲಿ ನಾಯಿಕೆಗೆ ನೆಮ್ಮದಿಯ ನಿದ್ರೆ ಇಲ್ಲ.

ಕೊನೆಯ ಪುಟದಲ್ಲಿ ಅವಳ ಇಬ್ಬರು ಮಕ್ಕಳು ಹುಲ್ಲುಗಾವಲಿನಲ್ಲಿ ಆಡುತ್ತಿದ್ದಾರೆ. ತಾವು ಆಡುತ್ತಿರುವುದು ಸತ್ತವರನ್ನು ಹೂಳಿದ ನೆಲದ ಮೇಲೆಂದು ಅವರಿಗಿನ್ನೂ ತಿಳಿಯದು. ಕೆಟ್ಟ ದಿನಗಳಲ್ಲಿ ಕ್ಯಾಟ್ನಿಸ್ ತಾನು ಕಂಡ ಒಂದೊಂದು ಒಳ್ಳೆಯ ಕಾರ್ಯವನ್ನೂ ಮನಸ್ಸಿನಲ್ಲಿ ಪಟ್ಟಿ ಮಾಡುತ್ತಾ ಕುಳಿತಿರುತ್ತಾಳೆ. ಚೀಟಿಗಳ ಲೆಕ್ಕದಿಂದ ಆರಂಭವಾದ ಕಥೆ ಈ ಲೆಕ್ಕದಲ್ಲಿ ನಿಲ್ಲುತ್ತದೆ. ಮೊದಲನೆಯ ಲೆಕ್ಕ ಎರಡನೆಯದರಿಂದ ವಜಾ ಆಗುವುದಿಲ್ಲ. ಎರಡೂ ಬೇರೆ ಬೇರೆ ಖಾತೆಗಳಾಗಿಯೇ ಉಳಿಯುತ್ತವೆ.

ಆದುದರಿಂದ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಇವುಗಳನ್ನು ಮಕ್ಕಳ ಕೈಯಿಂದ ಕಸಿಯುವ ಮೊದಲು ಓದಿರಿ. ಓದಿದ ಮೇಲೆ ಅವರೊಡನೆ ಕುಳಿತು ಮಾತಾಡಿರಿ. ಹಿಂಸೆಯನ್ನು ರುಚಿಗಾಗಿ ಬಡಿಸುವ, ಓದುಗನನ್ನು ಬರಿದೆ ಹೊಗಳುವ ಪುಸ್ತಕಗಳನ್ನು ಮಕ್ಕಳೇ ಗುರುತಿಸಿ ದೂರವಿಡಲು ಅದರಿಂದ ಕಲಿಯುತ್ತಾರೆ. ಆದರೆ ಒಳ್ಳೆಯ ಪುಸ್ತಕವೊಂದು ಅವರಲ್ಲಿ ಎಬ್ಬಿಸಿದ ಪ್ರಶ್ನೆ ನಮ್ಮ ಮನೆಯತ್ತಲೇ ತಿರುಗಿದಾಗ ಉತ್ತರ ಕೊಡಲು ಸಿದ್ಧರಾಗಿರಬೇಕು. ನನ್ನ ಮೊಮ್ಮಗಳು ರಜೆ ಮುಗಿಸಿ ಹೊರಡುವಾಗ, ಮುಂದಿನ ಸಲ ಬರುವಷ್ಟರಲ್ಲಿ ಅಟ್ಟದ ಮೇಲಿನ ಹಳೆಯ ಕಿರ್ದಿ ಪುಸ್ತಕಗಳನ್ನು ಕೆಳಗಿಳಿಸಿ ಇಡಬೇಕೆಂದು ಹೇಳಿ ಹೋಗಿದ್ದಾಳೆ. ಧೂಳು ಒರೆಸಿ ಇಟ್ಟಿದ್ದೇನೆ.